ಆಸ್ರಣ್ಣರ ಮೂಗಿಗೆ ಒಪ್ಪುವ ಪರಿಮಳ

ಪ್ರತಿ ಮನೆಗೂ ಒಂದು ವಾಸನೆ ಇರುತ್ತದೆ. ಆ ಮನೆಯವರಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ನಮ್ಮ ಪತ್ರಿಕೆಯ ಕಚೇರಿಗೆ ಬಂದವರು ಮೂಗು ಮುಚ್ಚಿಕೊಂಡರೆ ನಾನು ಅವರಿಗೆ ನೆಗಡಿಯಿರಬೇಕೆಂದು ತಿಳಿಯುತ್ತಿದ್ದೆನೇ ಹೊರತು ನಮ್ಮ ಮಸಿಯನ್ನೂ ಸೀಮೆಎಣ್ಣೆಯನ್ನೂ ಸಂಶಯಿಸಿದವನಲ್ಲ. ಆದರೆ ಊರಿನ ಚರಂಡಿಗಳ ದುರ್ನಾತದ ಬಗ್ಗೆ ಆಗಾಗ ಬರೆಯುತ್ತಿದ್ದೆ. ಬರೆಯುವ ಮೊದಲು ಖುದ್ದಾಗಿ ಹೋಗಿ, ಮೂಸಿ, ನೆರೆಯವರನ್ನು ವಿಚಾರಿಸಿ, ಖಚಿತವಾದ ಮೇಲೆಯೇ ಬರೆಯುತ್ತಿದ್ದೆ. ವಿಚಾರಿಸದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಈ ಪಾಠ ಕಾರಿನ ವಿಷಯದಲ್ಲಿ ಹೇಗೆ ಕೈಕೊಟ್ಟಿತೆಂಬುದನ್ನು ಹೇಳಬೇಕು.

ಕಾರು ನನ್ನದಲ್ಲ, ನೆರೆಮನೆಯ ಲಾರೆನ್ಸ್ ಮಾಸ್ಟ್ರದ್ದು. ಕೊಡಿಯಾಲ್‌ಬೈಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರು ಯಾರೋ ದೊರೆ ಬಿಟ್ಟುಹೋದ ಹಳೆಯ ವಿಲಾಯಿತಿ ಕಾರೊಂದನ್ನು ಕೊಂಡು ಅದನ್ನು ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದರು. ಕ್ರಿಸ್ಮಸ್ ರಜೆಯಲ್ಲಿ ಅವರು ಮಡಿಕೇರಿಯ ಹತ್ತಿರದ ಕಾಫಿ ತೋಟದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಅದೇ ವಾರ ಮಡಿಕೇರಿಯಲ್ಲಿ ನನ್ನ ನಾದಿನಿಯ ಮಗುವಿನ ನಾಮಕರಣ. "ಬನ್ನಿ ಭಟ್ರೇ, ಕಾರಿನಲ್ಲಿ ಜಾಗ ಉಂಟಲ್ಲ, ನಿಮ್ಮ ಮಾವನವರನ್ನೂ ಕರ್ಕೊಳ್ಳಿ" ಎಂದರು ಮಾಸ್ಟ್ರು.

ಮಾವನವರು ಎಂದೊಡನೆ ನನ್ನ ಹೆಂಡತಿ ಶಾರದೆ ಚಿಂತೆಗೆ ಬಿದ್ದಳು. ಅವರು ದೊಡ್ಡ ದೇವಸ್ಥಾನವೊಂದರ ಆಸ್ರಣ್ಣರು, ಅಂದರೆ ಮುಖ್ಯ ಅರ್ಚಕರು. ಅವರ ಮೂಗು ಸೀಮೆಗೇ ಪ್ರಸಿದ್ಧ. ಮುಚ್ಚಿದ ಡಬ್ಬದ ತುಪ್ಪವನ್ನು ಬಾಗಿಲಲ್ಲೇ ನಿಂತು ಮೂಸಿ, ಡಾಲ್ಡಾ ಬೆರೆತಿದೆಯೇ ಎಂದು ಹೇಳುತ್ತಿದ್ದರಂತೆ. ಕಣ್ಣಾರೆ ಕಂಡವರು ನನಗೆ ಸಿಕ್ಕಿರಲಿಲ್ಲ, ನಂಬದವರೂ ಸಿಕ್ಕಿರಲಿಲ್ಲ. ಆ ದೇವಸ್ಥಾನಕ್ಕೆ ಕೆಟ್ಟ ತುಪ್ಪ ಕೊಡಲು ಯಾವ ಅಂಗಡಿಯವನಿಗೂ ಧೈರ್ಯವಿರಲಿಲ್ಲ. ಈ ಮೂಗಿನಿಂದಾಗಿ ಅವರು ಬಸ್ಸು ಹತ್ತುತ್ತಿರಲಿಲ್ಲ. ಕಿರಿಮಗಳು ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಅವಳ ಮನೆಯನ್ನೇ ನೋಡಿರಲಿಲ್ಲ. ಅವಳಂತೂ "ಅಪ್ಪ ಮಗುವಿನ ಕಿವಿಯಲ್ಲಿ ಹೆಸರು ಹೇಳದೆ ನಾಮಕರಣವೇ ಇಲ್ಲ" ಎಂದು ಹಟ ಹಿಡಿದಿದ್ದಳು.

ಮಾಸ್ಟ್ರ ಕಾರಿನಲ್ಲಿ ಒಣಮೀನಿನ ವಾಸನೆಯಿತ್ತು.

ತಂಗಿಯ ಮನೆಗೆ ಹೋದಾಗಲೆಲ್ಲ ಅವರು ಬಂದರಿನಿಂದ ಒಣ ಬಂಗುಡೆಯ ಕಟ್ಟು ಒಯ್ಯುತ್ತಿದ್ದರು. ಅದು ಸೀಟಿನ ಹತ್ತಿಗೇ ಇಳಿದಿತ್ತು. "ಎಂತ ವಾಸನೆ? ಎಂತದ್ದೂ ಇಲ್ಲ ಮಾರಾಯ್ರೆ, ಇದು ಲೆದರಿನ ಪರಿಮಳ" ಎಂದು ಮಾಸ್ಟ್ರು ಮುಗ್ಧವಾಗಿ ಹೇಳಿದರು. "ಅಪ್ಪ ಬಾಗಿಲು ತೆಗೆದ ಕೂಡಲೇ ವಾಪಸ್ ಹೋಗ್ತಾರೆ, ನೋಡ್ತಾ ಇರಿ" ಎಂದಳು ಶಾರದೆ. ಬೇಸಗೆಯಾದರೆ ಕಿಟಕಿ ತೆರೆದು ಹೋಗಬಹುದಿತ್ತು. ಡಿಸೆಂಬರಿನಲ್ಲಿ ಎಪ್ಪತ್ತು ದಾಟಿದವರನ್ನು ಘಟ್ಟದ ಗಾಳಿಗೆ ಒಡ್ಡುವುದು ಹೇಗೆ? ಆದ್ದರಿಂದ ಕಾರಿಗೆ ಒಂದು ಪರಿಮಳ ಆರಿಸಬೇಕಾಯಿತು. ಸಹಜವಾಗಿಯೇ ತನಿಖೆಯ ಹೊಣೆ ನನ್ನ ಮೇಲೆ ಬಿತ್ತು.

ಮೊದಲು ಕಾರನ್ನು ಕೂಳೂರಿನ ಹೊಳೆಬದಿಗೆ ಒಯ್ದು ನಾಲ್ಕೂ ಬಾಗಿಲು ತೆರೆದಿಟ್ಟೆವು. ಹೊಳೆಯ ಕಡೆಯಿಂದಲೇ ಮೀನಿನ ವಾಸನೆ ಬೀಸಿ, ಇದ್ದದ್ದು ಇಮ್ಮಡಿಯಾಯಿತು. ಮರುದಿನ ಒಳಗೆ ಊದುಬತ್ತಿ ಹಚ್ಚಿಟ್ಟೆ. ಮಾಸ್ಟ್ರು ತಲೆ ಒಳಗೆ ಹಾಕಿ, "ಬಂಗುಡೆಗೆ ಮಹಾಪೂಜೆ ಆಯ್ತಲ್ಲ ಭಟ್ರೇ, ಪ್ರಸಾದ ಯಾವಾಗ?" ಎಂದರು. ಲೆದರಿನ ಪರಿಮಳ ಬಂಗುಡೆಯೆಂದು ಅವರು ಒಪ್ಪಿಕೊಂಡದ್ದು ಹೀಗೆ. ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಹೆಂಡತಿ ಸಿಸಿಲಿಯಾ ಬಾಯಿ, "ನಿಮ್ಮ ಬತ್ತಿಗಿತ್ತಿ ಎಲ್ಲ ಸಾಕು, ನನ್ನ ಕೈಯಲ್ಲಿ ಕೊಡಿ" ಎಂದು ಜ್ವರದವರ ಹಣೆಗೆ ಹಚ್ಚುವ ಕೊಲೋನನ್ನು ಒಂದು ಸೀಸೆ ಸುರಿದು ಸೀಟು ಉಜ್ಜಿದರು. ಈಗ ಬಂಗುಡೆಯನ್ನು ಆಸ್ಪತ್ರೆಗೆ ಸೇರಿಸಿದ ಹಾಗಾಯಿತು.

ನಾನು ಲಾವಂಚದ ಬೇರು ಸೂಚಿಸಿದೆ. ಶಾರದೆ ನನ್ನನ್ನು ಕನಿಕರದಿಂದ ನೋಡಿದಳು. "ಈ ಚಳಿಗೆ ಲಾವಂಚವಾ? ಅದು ತಂಪು. ಅಪ್ಪನಿಗೆ ಮೂಗಿನಿಂದಲೇ ಶೀತ ಒಳಗೆ ಹೋಗ್ತದೆ." ಮಲ್ಲಿಗೆ? ಅದೂ ತಂಪು. ಚಂದನ? ಕೇಳಲೇಬಾರದು. ಪರಿಮಳಗಳಲ್ಲಿ ಉಷ್ಣ ಶೀತಗಳೆಂಬ ಎರಡು ಪಕ್ಷಗಳಿವೆ, ಚಳಿಗಾಲದಲ್ಲಿ ಒಂದು ಪಕ್ಷ ಚುನಾವಣೆಗೇ ನಿಲ್ಲುವಂತಿಲ್ಲ ಎಂಬುದು ನನಗೆ ಹೊಸ ಸುದ್ದಿ. ಕೊನೆಗೆ ಲವಂಗ, ಏಲಕ್ಕಿ, ಜಾಯಿಕಾಯಿ ಜಜ್ಜಿ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಎದುರಿನ ಕನ್ನಡಿಗೆ ತೂಗುಹಾಕುವುದೆಂದು ಎಲ್ಲರೂ ಒಪ್ಪಿದರು.

ಒಪ್ಪಿದರು, ಆದರೆ ನಂಬಲಿಲ್ಲ. ಹೊರಡುವ ಬೆಳಿಗ್ಗೆ ಶಾರದೆ ಗುಟ್ಟಾಗಿ ಇನ್ನೊಂದು ಊದುಬತ್ತಿ ಹಚ್ಚಿದಳು. ರಜೆ ಸಿಗದೆ ಊರಲ್ಲೇ ಉಳಿದ ಸಿಸಿಲಿಯಾ ಬಾಯಿ ಬೀಳ್ಕೊಡುಗೆಯೆಂಬಂತೆ ಇನ್ನಷ್ಟು ಕೊಲೋನ್ ಚಿಮುಕಿಸಿದರು. ಮಾಸ್ಟ್ರು ಸೀಟಿನ ಕೆಳಗೆ ಕಾಫಿ ಪುಡಿ ಉದುರಿಸಿದ್ದರು. ನಾನೂ, ಇರಲಿ ಎಂದು, ಕರ್ಪೂರದ ಎರಡು ಬಿಲ್ಲೆಗಳನ್ನು ಮೂಲೆಯಲ್ಲಿ ಸಿಕ್ಕಿಸಿದ್ದೆ.

ಮಾವನವರು ಶಾಲು ಹೊದ್ದು, ತಲೆಗೆ ಮಫ್ಲರ್ ಸುತ್ತಿ ಬಂದರು. ಬಾಗಿಲು ತೆರೆದೆ. ಅವರು ಒಂದು ಕ್ಷಣ ನಿಂತು ಮೂಗೆತ್ತಿ ದೀರ್ಘವಾಗಿ ಉಸಿರೆಳೆದರು. ಶಾರದೆ ಕಣ್ಣು ಮುಚ್ಚಿಕೊಂಡಳು. "ಹೂಂ, ಪರವಾಗಿಲ್ಲ" ಎಂದು ಹತ್ತಿ ಕುಳಿತರು. ಚುನಾವಣೆಯ ಫಲಿತಾಂಶಕ್ಕೂ ನಮ್ಮ ಕಚೇರಿಯಲ್ಲಿ ಅಷ್ಟು ಸಂತೋಷವಾದದ್ದನ್ನು ನಾನು ಕಂಡಿಲ್ಲ.

ಪುತ್ತೂರು ದಾಟುವವರೆಗೆ ನಾನು ಗೆದ್ದವನಂತೆ ಕುಳಿತಿದ್ದೆ. ಸುಳ್ಯದಲ್ಲಿ ಮಾತು ನಿಲ್ಲಿಸಿದೆ. ಕಿಟಕಿಗಳು ಬಿಗಿಯಾಗಿದ್ದವು, ಲವಂಗ, ಕರ್ಪೂರ, ಕೊಲೋನ್, ಕಾಫಿ, ಬಂಗುಡೆ ಒಂದಾಗಿ, ಹೆಸರಿಲ್ಲದ ಹೊಸದೊಂದು ವಾಸನೆ ಹುಟ್ಟಿತ್ತು. ಸಂಪಾಜೆ ಘಟ್ಟದ ಮೂರನೆಯ ತಿರುವಿನಲ್ಲಿ "ಮಾಸ್ಟ್ರೇ, ನಿಲ್ಸಿ" ಎಂದೆ. ಮುಂದಿನದ್ದನ್ನು ರಸ್ತೆಬದಿಯ ಪೊದೆಯ ಹಿಂದೆ ಮುಗಿಸಿದೆ.

ತಲೆಯೆತ್ತಿದಾಗ ಮಾಸ್ಟ್ರು ನನಗೆ ನೀರು ಕೊಡಲು ಡಿಕ್ಕಿ ತೆರೆದಿದ್ದರು. ಒಳಗೆ, ಮೇಲೆಯೇ, ಗೋಣಿಯಲ್ಲಿ ಸುತ್ತಿದ ಹೊಸ ಕಟ್ಟು! "ತಂಗಿ ಕಾಯ್ತಾ ಇರ್ತಾಳಲ್ಲ, ಎಂತ ಮಾಡುದು?" ಎಂದು ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟುವಷ್ಟರಲ್ಲಿ ಮಾವನವರು ಇಳಿದು ಬಂದು ನೇರವಾಗಿ ಅದರ ಮೇಲೆ ಬಾಗಿದರು. ಆ ವಾಸನೆಗೆ ನನಗೆ ಮತ್ತೊಮ್ಮೆ ಪೊದೆ ನೆನಪಾಯಿತು.

"ಇದೆಂತ ಮಾಸ್ಟ್ರೇ, ಹಪ್ಪಳವಾ?" ಎಂದರು ಮಾವನವರು.

"ಹೌದು ಆಸ್ರಣ್ಣರೇ... ಹಪ್ಪಳ" ಎಂದ ಮಾಸ್ಟ್ರು ಡಿಕ್ಕಿ ಮುಚ್ಚಿ, ಎಂಜಿನ್ ನೋಡಲು ಓಡಿದರು.

ನಾನು ಮಾವನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ತಪ್ಪು ಎಲ್ಲಿ ಆಯಿತೆಂದು ಅವರಿಗೆ ಹೊಳೆದಿರಬೇಕು. ನನ್ನ ತೋಳು ಹಿಡಿದು, ಕಾರಿನಲ್ಲಿದ್ದ ಶಾರದೆಗೆ ಕೇಳಿಸದಷ್ಟು ದೂರ ಕರೆದೊಯ್ದರು.

"ಹಪ್ಪಳ ಅಲ್ಲವಾ ಅದು?"

"ಅಲ್ಲ, ಮಾವ. ಒಣಮೀನು."

"ಛೆ" ಎಂದರು. "ಒಂದು ದೊಡ್ಡ ಜ್ವರ ಬಂದಿತ್ತು ನೋಡಿ, ಆಗಲೇ ವಾಸನೆ ಹೋದದ್ದು. ಮಲ್ಲಿಗೆಯೂ ಇಲ್ಲ, ಮೀನೂ ಇಲ್ಲ. ಹೇಳಿದ್ರೆ ಮರುದಿನದಿಂದ ದೇವರ ದೀಪಕ್ಕೆ ಎಂತ ತುಪ್ಪ ಬರ್ತದೆ ಹೇಳಿ? ಅದಕ್ಕೆ ಸುಮ್ಮನೆ ಮೂಸ್ತೇನೆ. ಅವರು ಹೆದರ್ತಾರೆ. ತುಪ್ಪ ಸರಿ ಉಂಟು."

"ಮತ್ತೆ ಬಸ್ಸು?"

"ಬಸ್ಸಿನಲ್ಲಿ ಹೋದ್ರೆ ದಾರಿಯಿಡೀ ಮೂಗು ಮುಚ್ಚಿಕೊಂಡೇ ಕೂರಬೇಕಲ್ಲ ಮಾರಾಯ್ರೆ, ಕೈ ಸೋಲ್ತದೆ!" ಎಂದವರು ದನಿ ತಗ್ಗಿಸಿ, "ಪೇಪರಿನಲ್ಲಿ ಹಾಕ್ಬೇಡಿ" ಎಂದರು.

ಒಂದು ವಾರ ನಾನು ಕಾರನ್ನು, ಹೊಳೆಯನ್ನು, ಲವಂಗವನ್ನು, ಎಲ್ಲರನ್ನೂ ವಿಚಾರಿಸಿದ್ದೆ. ಯಾವ ಮೂಗಿಗಾಗಿ ಇಷ್ಟೆಲ್ಲ ನಡೆಯಿತೋ ಆ ಒಂದನ್ನು ಬಿಟ್ಟು. ಮಾವನವರು ಈಗ ತುಪ್ಪದ ಗೊಡವೆಯಿಲ್ಲದ ಲೋಕದಲ್ಲಿದ್ದಾರೆ; ಆದ್ದರಿಂದ ಈ ಸುದ್ದಿ ಇಷ್ಟು ತಡವಾಗಿ ಅಚ್ಚಾಗುತ್ತಿದೆ.

ಉಳಿದ ದಾರಿ ಕಿಟಕಿ ತೆರೆದೇ ಹೋದೆವು. ಚಳಿಯೆಲ್ಲ ಎಡಗಡೆ ಕುಳಿತ ನನ್ನ ಪಾಲಿಗೆ ಬಂತು. ಮಡಿಕೇರಿ ತಲುಪಿದ ಮೇಲೆ ಶಾರದೆ, "ಅಪ್ಪನೇ ಸುಮ್ಮನಿದ್ದರು, ಇವರಿಗೆ ತಡೀಲಿಲ್ಲ" ಎಂದು ಎಲ್ಲರಿಗೂ ಹೇಳಿದಳು. "ಹೌದು, ಅಳಿಯಂದಿರ ಮೂಗು ನನಗಿಂತ ಸೂಕ್ಷ್ಮ" ಎಂದು ಮಾವನವರು ಗಂಭೀರವಾಗಿ ಅನುಮೋದಿಸಿದರು.

ಮರುದಿನ ಮಗುವಿನ ಕಿವಿಯಲ್ಲಿ ಅಜ್ಜ ಹೆಸರು ಹೇಳಿದರು. ನಾದಿನಿ ಅತ್ತಳು, ಮಗು ನಕ್ಕಿತು. ಊಟಕ್ಕೆ ಮೊದಲು ಅಡಿಗೆಯವನು ತುಪ್ಪದ ಪಾತ್ರೆಯನ್ನು ಮಾವನವರ ಮುಂದೆ ಹಿಡಿದ. ಅವರು ಅದನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು. ಎಲ್ಲರೂ ನನ್ನತ್ತ ತಿರುಗಿದರು. ಘಟ್ಟದ ಗಾಳಿಗೆ ನನ್ನ ಎರಡೂ ಹೊಳ್ಳೆಗಳು ಕಟ್ಟಿಹೋಗಿದ್ದವು. ಮಾವನವರು ಮಾಡಿನ ಹಂಚು ನೋಡುತ್ತಿದ್ದರು. ವಿಚಾರಿಸದೆ ಒಂದು ಸಾಲನ್ನೂ ಅಚ್ಚಿಗೆ ಕೊಡದ ನಾನು, ಪಾತ್ರೆಯ ಮೇಲೆ ಬಾಗಿ, ದೀರ್ಘವಾಗಿ ಉಸಿರೆಳೆದಂತೆ ಮಾಡಿ, "ಒಳ್ಳೆಯ ತುಪ್ಪ" ಎಂದೆ.

ಆಗ ಅಡಿಗೆಯವನ ಮುಖದಲ್ಲಿ ಮೂಡಿದ ನೆಮ್ಮದಿ ಒಳ್ಳೆಯ ತುಪ್ಪ ತಂದವನದ್ದೋ, ಡಾಲ್ಡಾ ಬೆರೆಸಿ ಸಿಕ್ಕಿಬೀಳದವನದ್ದೋ ಎಂಬುದನ್ನು ನಾನು ಇಂದಿಗೂ ವಿಚಾರಿಸಿಲ್ಲ.