ಸರೋಜಳ ಕಾಲಿಗೊಂದು ಬೆಚ್ಚನೆಯ ನೆಲ

ಹೆಂಡತಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ನೆಲ ಬಿಸಿ ಮಾಡಿದರೆ ಸಾಕು ಎಂದು ಕಂಡುಹಿಡಿದ ಮೊದಲ ಗಂಡಸು ನಾನೇ ಇರಬೇಕು. ಈ ಮಹಾಶೋಧನೆಗೆ ಯಾರೂ ಹಾರ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬುದೇ ಈ ಕಥೆ.

ನಮ್ಮದು ಹೊಂಗಡಹಳ್ಳದ ಹತ್ತಿರ ಚಿಕ್ಕದೊಂದು ಕಾಫಿ ತೋಟ. ದೀಪಾವಳಿ ಕಳೆದು ಚಳಿ ಶುರುವಾದರೆ ನನ್ನ ಹೆಂಡತಿ ಸರೋಜ ಬ್ಯಾಗು ತುಂಬಿಕೊಂಡು, ಘಟ್ಟ ಇಳಿದು, ಮಂಗಳೂರಿನ ಅಕ್ಕನ ಮನೆಗೆ ಹೊರಟುಬಿಡುತ್ತಾಳೆ. ಮತ್ತೆ ಘಟ್ಟ ಹತ್ತುವುದು ಶಿವರಾತ್ರಿಗೆ. ಕಾರಣ ಕೇಳಿದರೆ ಪ್ರತಿ ವರ್ಷವೂ ಒಂದೇ ಉತ್ತರ.

“ಈ ನೆಲ ಐಸಾಗೈತೆ ಕಣ್ರೀ. ಕಾಲಿಟ್ರೆ ಚಳಿ ಮಂಡಿಗಂಟ ಹತ್ತುತ್ತೆ.”

ಅವಳು ಹೋದ ಮೇಲೆ ಮನೆಯಲ್ಲಿ ನಾನು ಮತ್ತು ನಮ್ಮ ನಾಯಿ ಕರಿಯ. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿ ಎರಡನ್ನೂ ನಾನೇ ಕುಡಿಯುತ್ತೇನೆ. ಸಂಜೆ ಕಣದಲ್ಲಿ ಒಣಹಾಕಿದ ಕಾಫಿಗೆ ಟಾರ್ಪಾಲು ಮುಚ್ಚಿ ಬಂದು ಫೋನ್ ಹಿಡಿದು ಕೂತರೆ, ಯಾವ ಗಿಡದಲ್ಲಿ ಹಣ್ಣು ಉದುರಿತು, ಕರಿಯ ಯಾರಿಗೆ ಬೊಗಳಿತು, ಸಾರಿಗೆ ಉಪ್ಪು ಎಷ್ಟು ಹೆಚ್ಚಾಯಿತು, ಎಲ್ಲವನ್ನೂ ಅವಳಿಗೆ ಹೇಳಿ ಮುಗಿಸುವ ಹೊತ್ತಿಗೆ ಕಿವಿ ಬಿಸಿಯಾಗಿರುತ್ತದೆ. ಫೋನ್ ಇಟ್ಟ ಮೇಲೆ ಮನೆ ಇನ್ನಷ್ಟು ಖಾಲಿ. ಅವಳಿಲ್ಲದ ಮನೆ ನನಗೆ ಸೇರುವುದೇ ಇಲ್ಲ. ಇದೊಂದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ಈ ಸಲ ಅವಳು ಹೋದ ವಾರವೇ ಮಾರನಹಳ್ಳಿ ಕಡೆಯ ಹೋಂಸ್ಟೇ ಒಂದಕ್ಕೆ ಕಾಫಿಪುಡಿ ಕೊಡಲು ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ಬೆಚ್ಚಗಿದೆ! ಅಡಿಯಲ್ಲಿ ಕರೆಂಟಿನ ವೈರ್ ಹಾಸಿದ್ದಾರಂತೆ. ನಿಂತಲ್ಲೇ ತೀರ್ಮಾನ ಮಾಡಿದೆ. ಸರೋಜಳಿಗೆ ಹೇಳದೆ ನಮ್ಮ ಹಾಲ್‌ಗೂ ವೈರ್ ಹಾಸಿಸಿ, ಮೇಲೆ ಸಿಮೆಂಟ್ ಹಾಕಿಸಿದೆ. ಅದು ಒಣಗಿದ ಮೇಲೆ ಸ್ವಿಚ್ ಒತ್ತಿದರೆ ನೆಲ ಹದವಾಗಿ ಬೆಚ್ಚಗಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಮಹಾಪುರುಷನಾಗುತ್ತಿದ್ದೆ.

ಆದರೆ ಬರಿ ಸಿಮೆಂಟಿನ ಮೇಲೆ ಹೆಂಡತಿಯನ್ನು ಬರಮಾಡಿಕೊಳ್ಳುವುದು ಹೇಗೆ? ಹಾಸನದ ಅಂಗಡಿಯವರು, “ಟೈಲ್ಸ್ ಹಾಕಿ ಸಾರ್, ಬಿಸಿ ಚೆನ್ನಾಗಿ ಮೇಲೆ ಬರುತ್ತೆ” ಎಂದರು. ಟೈಲ್ಸ್ ಅಂಗಡಿಯವರು ಇನ್ನೇನು ಹೇಳುತ್ತಾರೆ ಎಂದು ಒಳಗೊಳಗೇ ನಕ್ಕು ವಾಪಸ್ ಬಂದೆ. ಸರೋಜಳಿಗೆ ಮರದ ನೆಲದ ಆಸೆ. ಯಾವುದೋ ಎಸ್ಟೇಟ್ ಬಂಗಲೆಯಲ್ಲಿ ಅಂಥದ್ದನ್ನು ನೋಡಿ ಬಂದವಳು ವಾರವಿಡೀ ಅದನ್ನೇ ಹೇಳಿದ್ದಳು. ಈ ಮಳೆಗಾಲದ ಗಾಳಿಗೆ ನಮ್ಮ ತೋಟದಲ್ಲಿ ಕಾಫಿಗೆ ನೆರಳಾಗಿದ್ದ ಎರಡು ಸಿಲ್ವರ್ ಮರ ಬಿದ್ದಿದ್ದವು. ಅವನ್ನೇ ಹಲಗೆ ಕೊಯ್ಯಿಸಿದೆ.

ಪಕ್ಕದ ತೋಟದ ಚಂದ್ರಣ್ಣ ಹಲಗೆಗೆ ಉಗುರು ಒತ್ತಿ ನೋಡಿದ.

“ಇನ್ನೂ ಹಸಿ ಐತಲ್ಲೋ ಮಾರಾಯ.”

“ಇರ್ಲಿ ಬಿಡು. ಕೆಳಗಿಂದ ಬಿಸಿ ಬತ್ತದಲ್ಲ, ಹಾಸಿದ ಮೇಲೆ ತಾನೇ ಒಣಗ್ತದೆ.”

“ಹೌದಲ್ಲ, ನಮ್ ಕಾಫಿ ಕಣ ಇದ್ದಂಗೆ” ಎಂದು ಅವನೂ ತಲೆದೂಗಿದ.

ಕಾಫಿ ಒಣಗಿಸಿಯೇ ಬದುಕುವ ನಮ್ಮಿಬ್ಬರಿಗೂ, ಒಣಗಿದ ವಸ್ತು ಕುಗ್ಗುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಸಿಮೆಂಟಿನ ಮೇಲೆ ಮರದ ಪಟ್ಟಿ ಇಟ್ಟು, ಅದಕ್ಕೆ ಹಲಗೆಗಳನ್ನು ಮೊಳೆ ಹೊಡೆಸಿದೆ. ಹಲಗೆ ಸಾಲದೆ ಕಿಟಕಿ ಪಕ್ಕದ ಮೂಲೆಯೊಂದು ಬರಿ ಸಿಮೆಂಟಾಗಿ ಉಳಿಯಿತು. ಅಲ್ಲಿ ಹೂವಿನ ಕುಂಡ ಇಟ್ಟೆ.

ಸ್ವಿಚ್ ಹಾಕಿದ ಕೆಲವೇ ದಿನಗಳಲ್ಲಿ ಹಾಲ್ ಪಟಪಟ ಎನ್ನತೊಡಗಿತು. ಹಲಗೆಗಳು ಮೊಳೆ ಕಿತ್ತುಕೊಂಡು ಹಪ್ಪಳದಂತೆ ಅಂಚು ಎತ್ತಿದವು. ಸಂದಿಗೆ ನನ್ನ ಬಾಚಣಿಗೆ ಬಿತ್ತು. ಅದನ್ನು ತೆಗೆಯಲು ಹೋದ ಚಮಚವೂ ಬಿತ್ತು. ಇದನ್ನೆಲ್ಲ ಮುಚ್ಚಲು ಸಕಲೇಶಪುರದಿಂದ ಅತಿ ದಪ್ಪನೆಯ ಕಾರ್ಪೆಟ್ ತಂದು, ಅದರಡಿ ಸ್ಪಂಜನ್ನೂ ಹಾಸಿದೆ. ನೋಡಲು ಅರಮನೆ! ಬಿಸಿ ಮಾತ್ರ ಕಂಬಳಿ ಹೊದ್ದು ಕೆಳಗೇ ಮಲಗಿಬಿಟ್ಟಿತು. ಇನ್ನಷ್ಟು ಏರಿಸಿದರೆ ಫ್ಯೂಸ್ ಹೋಗಿ ಮನೆಯೆಲ್ಲ ಕತ್ತಲು. ಕರಿಯ ಮಾತ್ರ ಕುಂಡವನ್ನು ಉರುಳಿಸಿ ಆ ಸಿಮೆಂಟಿನ ಮೂಲೆಯಲ್ಲಿ ಸುತ್ತಿಕೊಂಡು ಮಲಗಿತು. ಬೈದು ಎಬ್ಬಿಸಿದರೂ ಮತ್ತೆ ಅಲ್ಲಿಗೇ. ನಾಯಿಗೆ ಅರಮನೆಯ ಬೆಲೆ ಏನು ಗೊತ್ತು ಎಂದು ಸುಮ್ಮನಾದೆ.

ಈ ನಡುವೆ ಬಾಯಿ ತಡೆಯದೆ ಫೋನಿನಲ್ಲಿ, “ಮನೆ ನೆಲ ಬಿಸಿ ಮಾಡ್ಸಿದೀನಿ, ಬಂದು ನೋಡು” ಎಂದುಬಿಟ್ಟಿದ್ದೆ. ಸರೋಜ ಬಂದೇಬಿಟ್ಟಳು, ಶಿವರಾತ್ರಿಗೆ ಎಷ್ಟೋ ಮುಂಚೆ! ಬಸ್ಸಿನಿಂದ ಇಳಿದವಳ ಕೈಯಿಂದ ಬ್ಯಾಗು ತೆಗೆದುಕೊಂಡು ಖುಷಿಗೆ ಅವಳಿಗಿಂತ ಮುಂದೆ ಮನೆಗೆ ನಡೆದೆ.

ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಮದುವೆಯಾಗಿ ಬಂದ ದಿನದ ಹಾಗೆ ಬಲಗಾಲಿಟ್ಟು ಒಳಗೆ ಬಂದಳು.

“ತಣ್ಣಗೈತಲ್ರೀ.”

“ತಾಳು, ಈಗ ಮೇಲೆ ಬತ್ತದೆ” ಎನ್ನುತ್ತ ಅವಳ ಕಡೆ ಓಡಿದವನು ಹಲಗೆಯೊಂದರ ಈ ತುದಿ ತುಳಿದೆ. ಮೇಲೆ ಬಂದದ್ದು ಬಿಸಿಯಲ್ಲ. ಅವಳ ಕಾಲಡಿಯಿದ್ದ ಹಲಗೆಯ ಆ ತುದಿ, ಕಾರ್ಪೆಟ್ ಸಮೇತ. ಸರೋಜ ಒಮ್ಮೆ ಮೇಲೆ ಹೋಗಿ, ನನ್ನ ಭುಜ ಹಿಡಿದು ಇಳಿದಳು. ಇಳಿದವಳು ಹಾಗೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಅಳುವೇ ಬಂತು.

“ನಿನ್ ಕಾಲಿಗೆ ಚಳಿ ಆಗ್ಬಾರ್ದು ಅಂತ ಮಾಡ್ಸಿದ್ದು ಕಣೇ. ನೀನಿಲ್ದೆ ಇಲ್ಲಿ ಇರಕ್ಕಾಗಲ್ಲ ನಂಗೆ.”

ಅವಳ ನಗು ನಿಂತಿತು.

“ಚಳಿಗೆ ಹೋಯ್ತಿದ್ದೆ ಅಂದ್ಕಂಡ್ರಾ? ನಾನು ಇಲ್ಲಿದ್ರೆ, ಹಣ್ಣು ಕೀಳೋ ಕಾಲದಲ್ಲಿ ಇಡೀ ದಿನಕ್ಕೆ ನೀವು ಆಡೋದು ‘ಊಟಕ್ಕಿಡು’ ಅಂತ ಒಂದೇ ಮಾತು. ಅಕ್ಕನ ಮನೇಲಿದ್ರೆ ದಿನಾ ಫೋನ್ ಮಾಡಿ ಸಾರಿನ ಉಪ್ಪಿನವರ್ಗೂ ಹೇಳ್ತೀರಿ. ನಿಮ್ ಮಾತು ಕೇಳ್ಬೇಕು ಅಂದ್ರೆ ನಾನು ಘಟ್ಟ ಇಳೀಬೇಕು ಕಣ್ರೀ.”

ಹೀಗೆಂದು ಎದ್ದು ಹೋಗಿ, ಕರಿಯನನ್ನು ಕೊಂಚ ಸರಿಸಿ, ಆ ಬರಿ ಸಿಮೆಂಟಿನ ಮೂಲೆಯಲ್ಲಿ ಕೂತಳು.

“ಬನ್ನಿ. ಇಲ್ಲಿ ಬೆಚ್ಚಗೈತೆ.”

ಈಗ ನಮ್ಮ ಸಂಸಾರವೆಲ್ಲ ಆ ಮೂಲೆಯಲ್ಲೇ. ಉಳಿದ ಹಾಲ್ ಬಂದವರಿಗೆ ತೋರಿಸಲು. ಅಕ್ಕನಿಗೆ ಸರೋಜ, “ಇನ್ನೊಂದು ವಾರ ನೋಡ್ತೀನಿ” ಎಂದಿದ್ದಾಳೆ. ಅವಳ ಬ್ಯಾಗು ಇನ್ನೂ ಬಿಚ್ಚದೆ ಬಾಗಿಲ ಬಳಿ ಕೂತಿದೆ. ನಿನ್ನೆ ಸಂಜೆ ಹೇಳುವುದೆಲ್ಲ ಮುಗಿದು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸರೋಜಳ ಕಣ್ಣು ಮೆಲ್ಲಗೆ ಬ್ಯಾಗಿನ ಕಡೆ ಹೋಯಿತು. ತಕ್ಷಣ ಪಂಪ್‌ಸೆಟ್ ಕೆಟ್ಟ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಕರಿಯ ಎದ್ದು ಚಳಿಗೆ ಹೊರಟುಹೋಯಿತು.