ಘಾಜಿಯಾಬಾದಿನ ಬಕೆಟ್ ಭತ್ತದ ವಿಷಯವಾಗಿ ಲಿಬ್‌ಡಾಕಿಯಾ ಅವರಿಗೆ

ಮಯೂರ್ ವಿಹಾರ್, ದೆಹಲಿ
ನವೆಂಬರ್ ೨೦೦೮

ಮಾನ್ಯರೇ, ಮಹನೀಯರೇ, ನಿನ್ನೆ ತಾನೇ ಮತ್ತೊಮ್ಮೆ ಹೊಸದಾದವರೇ,

ತಮ್ಮ ಪಾದಗಳಿಗೆ, ಈ ಆವೃತ್ತಿಯಲ್ಲಿ ತಮಗೆ ಪಾದಗಳನ್ನು ಕೊಟ್ಟಿದ್ದರೆ, ನನ್ನ ಅನಂತ ನಮಸ್ಕಾರಗಳು. ಕೊಡದೇ ಇದ್ದರೂ ಬೇಜಾರಿಲ್ಲ, ಮುಂದಿನ ವಾರದ ಅಪ್‌ಡೇಟಿನಲ್ಲಿ ಬಂದೇ ಬರುತ್ತೆ ಅನ್ನೋ ಪೂರ್ತಿ ಭರವಸೆ ನನಗಿದೆ.

ನಾನು ತಮ್ಮ ಅಭಿಮಾನಿ. ತಾವು ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ತಲುಪಿಸೋ ಲೈಬ್ರರಿ, ಅಂದರೆ ನನ್ನಂಥೋರು ಪ್ರೋಗ್ರಾಂ ಬರೆಯುವಾಗ ಎತ್ತಿ ಒಳಗೆ ಸೇರಿಸಿಕೊಳ್ಳೋ ರೆಡಿಮೇಡ್ ಸರಕು. ಕಾಸು ಕೇಳಲ್ಲ, ಹೊಟ್ಟೆಯೊಳಗಿನ ಕೋಡನ್ನೂ ಮುಚ್ಚಿಡಲ್ಲ, ಪ್ರಪಂಚದ ಮೂಲೆಮೂಲೆಯ ಪುಣ್ಯಾತ್ಮರು ಬಿಡುವಾದಾಗೆಲ್ಲ ತಮ್ಮನ್ನು ತಿದ್ದುತ್ತಲೇ ಇರ್ತಾರೆ. ಬೇರೆ ಹುಡುಗಿಯರು ಬೆಳಿಗ್ಗೆ ಎದ್ದು ಮುಖ ತೊಳೀತಾರೆ, ನಾನು ಎದ್ದು ತಮ್ಮಲ್ಲಿ ಏನೇನು ಬದಲಾಗಿದೆ ಅಂತ ಓದ್ತೀನಿ. ತಮ್ಮ ಚಾಟ್ ರೂಮಿನಲ್ಲಿ 'ಚೋಂದು' ಅನ್ನೋ ಹೆಸರಿನಲ್ಲಿ ಯಾವಾಗಲೂ ಕೂತಿರೋದು, ಯಾರಾದರೂ ತಮ್ಮ ಬಗ್ಗೆ ಕೆಟ್ಟ ಮಾತಾಡಿದರೆ ಮೊದಲು ಮೈಮೇಲೆ ಬೀಳೋದು, ಎಲ್ಲ ನಾನೇ. ಹಾಗಾಗಿ ಕೆಳಗೆ ಬರೆದಿರೋದನ್ನು ದಯವಿಟ್ಟು ದೂರು ಅಂತ ತಿಳೀಬಾರದು, ಕಣ್ಣೀರಿನಲ್ಲಿ ಅದ್ದಿದ ಅಭಿನಂದನೆ ಅಂತ ತಿಳೀಬೇಕು.

ವಿಷಯ ಹುತ್ತರಿ ಹಬ್ಬದ್ದು. ತಮಗೆ ಹಬ್ಬಗಳಿಲ್ಲ, ಅದಕ್ಕೆ ಸ್ವಲ್ಪ ವಿವರಿಸಿ ಹೇಳ್ತೀನಿ. ನಮ್ಮ ಕೊಡಗಿನಲ್ಲಿ ಹೊಸ ಭತ್ತದ ಕದಿರನ್ನು ಹುಣ್ಣಿಮೆ ಸಂಜೆ, ಹೊತ್ತು ನೋಡಿ, ಕೋವಿ ಹಾರಿಸಿ, ಕೊಯ್ದು ಮನೆಗೆ ತಂದು ಕಟ್ಟೋದು ಪದ್ಧತಿ. ದೆಹಲಿಯಲ್ಲಿ ಗದ್ದೆ ಎಲ್ಲಿಂದ ಬರಬೇಕು, ಆದ್ದರಿಂದ ನಮ್ಮ ಮೂರು ಮನೆಯವರೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಭತ್ತ ಬೆಳೀತೀವಿ. ಮಯೂರ್ ವಿಹಾರಿನ ಬಾಲ್ಕನಿಯಲ್ಲಿ ನಮ್ಮ ತಾಯಿಯ ಬಕೆಟ್ಟು (ನಮ್ಮಲ್ಲಿ ಅಜ್ಜಿಯನ್ನು ತಾಯಿ ಅಂತಲೇ ಕರೆಯೋದು, ಅವರ ಹೆಸರು ಮಾಚಮ್ಮ), ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಅವರ ಮಗ, ಸೇನೆಯಲ್ಲಿ ಸುಬೇದಾರ್ ಮೇಜರ್ ಆಗಿರೋ ಬೋಪಣ್ಣ ಮಾವನ ಬಕೆಟ್ಟು, ಘಾಜಿಯಾಬಾದಿನ ಫ್ಲಾಟಿನಲ್ಲಿ ಅವರ ಕಿರಿಮಗಳು ಚಿಣ್ಣಮ್ಮ ಚಿಕ್ಕಮ್ಮನ ಬಕೆಟ್ಟು.

ಶುಭ ಹೊತ್ತು ಪೇಪರಿನಲ್ಲಿ ಮೊದಲೇ ಬರುತ್ತೆ, ಆದರೆ ತಾಯಿಗೆ ದೆಹಲಿಯ ಗಡಿಯಾರಗಳ ಮೇಲೆ ನಂಬಿಕೆ ಇಲ್ಲ. ಊರಿನ ಗದ್ದೆಯಲ್ಲಿ ಹಾರಿದ ಕೋವಿಯ ಸದ್ದನ್ನು ಅವರು ಫೋನಿನಲ್ಲಿ ತಮ್ಮ ಕಿವಿಯಾರೆ ಕೇಳಬೇಕು, ಆಮೇಲೆ ದೆಹಲಿಯ ಕುಡುಗೋಲು ಮೇಲೇಳಬೇಕು. ಕೇಳಿದ ಮೇಲೆ ತಾಯಿ ಹಿರಿತನದ ಪ್ರಕಾರ ಮೊದಲು ಆರ್.ಕೆ.ಪುರಕ್ಕೆ ಫೋನ್ ಮಾಡ್ತಿದ್ರು, ಮಾವ ಅವರ ಮಂಡಿನೋವು ವಿಚಾರಿಸ್ತಿದ್ರು, ತಾಯಿ ಮಂಡಿನೋವು ವಿವರಿಸ್ತಿದ್ರು, ಅದೆಲ್ಲ ಮುಗಿದು ಘಾಜಿಯಾಬಾದಿಗೆ ಲೈನ್ ಸಿಗೋ ಹೊತ್ತಿಗೆ ಹೊತ್ತು ಮೀರಿ ಹೋಗಿರ್ತಿತ್ತು. ಹೀಗೆ ಪ್ರತಿ ವರ್ಷ ಚಿಕ್ಕಮ್ಮ ಹೊತ್ತು ಮೀರಿದ ಕದಿರು ಕಟ್ಟಿ, ನೀರು ಬರದಿದ್ದರೆ ಅದಕ್ಕೇ, ಲಿಫ್ಟ್ ಕೆಟ್ಟರೆ ಅದಕ್ಕೇ, ಸಾರು ಉಪ್ಪಾದರೂ ಅದಕ್ಕೇ ಅಂತಿದ್ರು. ಮಗ ಕರಣ್ ಸೇನೆಗೆ ಸೇರಿ ಗಡಿಯ ಹಿಮದ ಪೋಸ್ಟಿಗೆ ಹೋದ ವರ್ಷದಿಂದ ಹಾಗೆ ಅನ್ನೋದನ್ನು ನಿಲ್ಲಿಸಿಬಿಟ್ರು. ಅವನ ಹೆಸರಿನಲ್ಲಿ ಒಂದು ಕದಿರು ಹೊತ್ತಿಗೆ ಸರಿಯಾಗಿ ಕಟ್ಟಬೇಕು, ಅಷ್ಟೇ ಕಣೇ ಚೋಂದು, ಅಂತ ನನ್ನ ಹತ್ತಿರ ಮಾತ್ರ ಹೇಳಿದ್ರು.

ಆಗ ನಾನು ಎದೆ ತಟ್ಟಿಕೊಂಡು ತಮ್ಮ ಹೆಸರು ಹೇಳಿದೆ. ಮೂರೂ ಮನೆಯ ಕಂಪ್ಯೂಟರಿಗೆ ತಮ್ಮನ್ನು ಹಾಕಿ, ಒಂದು ಪುಟ್ಟ ಪ್ರೋಗ್ರಾಂ ಬರೆದು, "ಹೊತ್ತಾಯ್ತು, ಕೊಯ್ರಿ" ಅನ್ನೋ ತಾಯಿಯ ದನಿಯನ್ನೇ ರೆಕಾರ್ಡ್ ಮಾಡಿ ಇಟ್ಟೆ. ತಾಯಿ ಇಲ್ಲಿ ಒಂದು ಕೀ ಒತ್ತಿದರೆ ಎಲ್ಲ ಮನೆಯ ಸ್ಪೀಕರಿನಲ್ಲೂ ಒಂದೇ ಸಲಕ್ಕೆ ಅವರ ಅಪ್ಪಣೆ ಮೊಳಗಬೇಕು, ಹಿರಿಯರು ಕಿರಿಯರು ಅನ್ನೋ ಭೇದ ಇಲ್ಲ. ಕಳೆದ ವರ್ಷದ ಹುತ್ತರಿಗೆ ಎಲ್ಲ ಸಿದ್ಧವಾಗಿತ್ತು. ಅದೇ ದಿನ ಮಧ್ಯಾಹ್ನ ತಮ್ಮ ಹೊಸ ಆವೃತ್ತಿ ಬಂತು. ಹಬ್ಬದ ದಿನ ಹಳೇ ಬಟ್ಟೆ ಹಾಕಿಕೊಳ್ಳೋಕಾಗುತ್ತಾ, ತಕ್ಷಣ ಮೂರೂ ಮನೆಗೆ ಅದನ್ನೇ ಹಾಕಿದೆ.

ಆ ಆವೃತ್ತಿಯ ಮಹಾ ಸುಧಾರಣೆ ಏನಪ್ಪಾ ಅಂದರೆ, ಸಂದೇಶ ಪಡೆದವರು 'ಸಿಕ್ಕಿತು' ಅಂತ ಬಟನ್ ಒತ್ತೋವರೆಗೂ ತಾವು ಅದನ್ನೇ ಮತ್ತೆ ಮತ್ತೆ ಕಳಿಸ್ತಾ ಇರ್ತೀರಿ. ಇಂಥ ಕರ್ತವ್ಯನಿಷ್ಠೆಯನ್ನು ಈ ಊರಿನ ಯಾವ ಆಫೀಸಿನಲ್ಲೂ ನಾನು ಕಂಡಿಲ್ಲ. ತೊಂದರೆ ಇಷ್ಟೇ, ನಮ್ಮ ಮಾವನ ಮನೆಯಲ್ಲಿ ಹೊಸ ಕದಿರು ಹಿಡಿದ ಕೈ ಅದನ್ನು ಕಟ್ಟೋ ತನಕ ಬೇರೆ ಏನನ್ನೂ ಮುಟ್ಟಬಾರದು. ಮಾವ ತಾಯಿಯ ದನಿ ಕೇಳಿ ಕದಿರು ಕೊಯ್ದರು, ಕೋವಿಯ ಬದಲಿಗೆ ಮಿಠಾಯಿ ಅಂಗಡಿಯ ಕಾಗದದ ಕವರ್ ಊದಿ ಢಂ ಅನ್ನಿಸಿದರು, ಕಟ್ಟೋಕೆ ಒಳಗೆ ಬರೋಷ್ಟರಲ್ಲಿ ಮತ್ತೆ "ಹೊತ್ತಾಯ್ತು, ಕೊಯ್ರಿ." ಬೇರೆಯವರಾಗಿದ್ದರೆ ಯಂತ್ರ ಕೆಟ್ಟಿದೆ ಅಂತಿದ್ದರು. ಮಾವ ಸೇನೆಯವರು, ಮೇಲಿನಿಂದ ಎರಡನೇ ಸಲ ಆದೇಶ ಬಂತು ಅಂದರೆ ಮೊದಲನೆಯದು ಸರಿಯಾಗಿ ಪಾಲನೆ ಆಗಿಲ್ಲ ಅಂತ ಅರ್ಥ. ತಿರುಗಿ ಹೋಗಿ ಕೊಯ್ದರು. ಕೈ ತುಂಬಿತ್ತು, ಬಟನ್ ಒತ್ತೋ ಹಾಗಿಲ್ಲ. ಬಟನ್ ಒತ್ತಲಿಲ್ಲ, ತಾವು ಬಿಡೋ ಹಾಗಿಲ್ಲ. ಮಾವನ ಮಗ ಸಾಕೇತ್ ಕೈಗೂ ಅವರು ಒಂದು ಕಟ್ಟು ಕೊಟ್ಟು ಅಟೆನ್ಶನ್‌ನಲ್ಲಿ ನಿಲ್ಲಿಸಿದ್ದರು, ಅವನದೂ ಅದೇ ಗತಿ.

ಬಕೆಟ್ಟಿನ ಭತ್ತ ಮುಗೀತು. ಆದೇಶ ಮುಗೀಲಿಲ್ಲ. ಮಾವ ಟೀಗೆ ಹಾಕೋ ನಿಂಬೆಹುಲ್ಲು ಕೊಯ್ದರು, ಆಮೇಲೆ ಮನಿ ಪ್ಲಾಂಟ್ ಕೊಯ್ದರು, ಆಮೇಲೆ ಕುಡುಗೋಲು ಹಿಡಿದು ಮೆಟ್ಟಿಲಿಳಿದು ಕೆಳಗಿನ ಮನೆಯ ವೈಜಯಂತಿ ಆಂಟಿಯ ಕೊತ್ತಂಬರಿ ಕುಂಡಕ್ಕೆ ಕೈ ಹಾಕಿದರು, ಪ್ರತಿ ಸಲವೂ ಢಂ, ಪ್ರತಿ ಸಲವೂ "ಪೊಲಿ ಪೊಲಿ ದೇವಾ" ಅನ್ನೋ ಸಮೃದ್ಧಿಯ ಕೂಗು. ಆಂಟಿ ಧಾರವಾಡದವರು, ಅವರ ಬಾಯಿಯ ಬಗ್ಗೆ ಇಡೀ ಬ್ಲಾಕಿಗೇ ಗೊತ್ತು. "ಮೇಜರ್ ಸಾಹೇಬ್ರ, ನಿಮ್ಮ ಹಬ್ಬ ಭತ್ತಕ್ಕ ಅಲ್ಲೇನ್ರಿ, ನನ್ನ ಕೊತ್ತಂಬರಿ ಏನ್ ಮಾಡಿತ್ರಿ ನಿಮಗ" ಅಂತ ಬೈತಾ ಮಾವನ ಹಿಂದೆಯೇ ಮೇಲೆ ಬಂದರು.

ಅತ್ತ ಘಾಜಿಯಾಬಾದಿನಲ್ಲಿ, ತಾವು ಊಹಿಸಿರೋ ಹಾಗೆ, ಕರೆಂಟ್ ಹೋಗಿತ್ತು. ಇನ್ವರ್ಟರ್ ಒಂದು ಸಲ ಕೆಮ್ಮಿ ಸುಮ್ಮನಾಗಿತ್ತು. ಚಿಕ್ಕಮ್ಮ ಕತ್ತಲಲ್ಲಿ ಬಕೆಟ್ಟಿನ ಪಕ್ಕ ಕುಡುಗೋಲು ಹಿಡಿದು ಕೂತು, ಈ ವರ್ಷವೂ ಹೋಯ್ತು ಅಂತ ಖಾತ್ರಿಯಾದ ಮೇಲೆ ಅಳೋ ಬದಲು ಜಗಳ ಆಡೋಣ ಅಂತ ಅಣ್ಣನ ಮೊಬೈಲಿಗೆ ಫೋನ್ ಮಾಡಿದರು. ಅಣ್ಣನ ಕೈಯಲ್ಲಿ ಕೊತ್ತಂಬರಿ ಇತ್ತು. ಫೋನ್ ಎತ್ತಿದ್ದು ಬೈಯೋಕೆ ಬಂದಿದ್ದ ವೈಜಯಂತಿ ಆಂಟಿ. "ಅಣ್ಣಾ, ನನಗಿನ್ನೂ ಹೊತ್ತು ಬಂದಿಲ್ಲ" ಅಂತ ಈ ಕಡೆಯವರು, "ಏನ್ ಹೊತ್ತ್ ಬೇಕವ್ವಾ ನಿನಗ, ಇಲ್ಲಿ ಬಂದು ಬಂದು ಸಾಕಾಗೇತಿ, ತಗೋ ಕೇಳು" ಅಂತ ಆ ಕಡೆಯವರು, ಹೇಳಿ ಆಂಟಿ ಫೋನನ್ನು ಸೀದಾ ಸ್ಪೀಕರಿಗೆ ಹಿಡಿದರು. ಆ ಗಳಿಗೆಗೆ ತಾವು, ಮಾನ್ಯರೇ, ದಣಿವಿಲ್ಲದ ತಾವು, ಮತ್ತೊಮ್ಮೆ ಕಳಿಸಿದಿರಿ. "ಹೊತ್ತಾಯ್ತು, ಕೊಯ್ರಿ."

ಶುಭ ಹೊತ್ತು ಇನ್ನೂ ಮುಗಿದಿರಲಿಲ್ಲ. ಚಿಕ್ಕಮ್ಮ ಕೊಯ್ದರು. ಕರಣ್ ಹೆಸರಿನ ಕದಿರು ಮೊದಲ ಸಲ ಹೊತ್ತಿಗೆ ಸರಿಯಾಗಿ ಘಾಜಿಯಾಬಾದಿನ ಬಾಗಿಲಿಗೆ ಏರಿತು. ಮುಂದೆ ಸ್ವಲ್ಪ ದಿನಕ್ಕೆ ಕರಣ್‌ಗೆ ರಜೆ ಮಂಜೂರಾಗಿ ಮನೆಗೆ ಬಂದು ಎರಡು ತಟ್ಟೆ ಕಡುಬು ತಿಂದ. ಕದಿರಿಗೂ ರಜೆಗೂ ಸಂಬಂಧ ಇದೆ ಅಂತ ಸೈನ್ಸ್ ಓದಿದ ನಾನು ಹೇಳಲ್ಲ. ಚಿಕ್ಕಮ್ಮನ ಎದುರಿಗೆ ಇಲ್ಲ ಅಂತಲೂ ಹೇಳಲ್ಲ.

ಮಾರನೇ ದಿನ ಬೆಳಿಗ್ಗೆ ಅಲ್ಲಿ ಕರೆಂಟ್ ಬಂದಾಗ, ತಾವು ಅಷ್ಟು ಹೊತ್ತೂ ಕಟ್ಟಿಟ್ಟುಕೊಂಡಿದ್ದ ಬಾಕಿ ಅಪ್ಪಣೆಗಳನ್ನೆಲ್ಲ ಒಂದರ ಹಿಂದೊಂದು ಬಿಟ್ಟಿರಿ. ಬಾಗಿಲಲ್ಲಿ ನಿಂತಿದ್ದ ಹಾಲಿನ ಭಯ್ಯಾ ಕ್ಯಾನ್ ಅಲ್ಲೇ ಇಟ್ಟು, "ಮಾತಾಜಿ ಬಹುತ್ ಗುಸ್ಸೇ ಮೇಂ ಹೈ", ಅಂದರೆ ಅಮ್ಮನವರು ತುಂಬಾ ಸಿಟ್ಟಿನಲ್ಲಿದ್ದಾರೆ, ಅಂತ ಹೋದವನು ಅವತ್ತಿನಿಂದ ಹಾಲಿಗೆ ನೀರು ಹಾಕಿಲ್ಲವಂತೆ. ಅದು ತಮ್ಮ ಸುಧಾರಣೆಗಳ ಪಟ್ಟಿಯಲ್ಲಿ ಬಂದಿಲ್ಲ, ಸೇರಿಸಿಕೊಳ್ಳಬೇಕು.

ಈಗ ಅಸಲು ಮಾತು. ಮಾವ ಸೇನೆಯ ಶೈಲಿಯಲ್ಲಿ ನಂಬರ್ ಹಾಕಿ ಹೇಳಿದ ದೂರನ್ನು ಸಾಕೇತ್ ತಮ್ಮ ತಂಡಕ್ಕೆ ಕಳಿಸಿದ: ಒಂದೇ ಆದೇಶ ಹಲವು ಸಲ ಬಂದು ಸಸ್ಯಹಾನಿ ಆಗಿದೆ. ತಾವು ಅದನ್ನು ಎಷ್ಟು ಗಂಭೀರವಾಗಿ ತಗೊಂಡಿರಿ ಅಂದರೆ, ನಿನ್ನೆಯ ಆವೃತ್ತಿಯಲ್ಲಿ ಯಾವ ಸಂದೇಶವನ್ನೂ ಒಂದು ಸಲಕ್ಕಿಂತ ಹೆಚ್ಚು ಹೇಳಲ್ಲ, ಆ ಹೊತ್ತಿಗೆ ಆ ಕಡೆ ಯಾರೂ ಇಲ್ಲದಿದ್ದರೆ ಮರ್ಯಾದೆಯಿಂದ ಅದನ್ನು ಕಸದ ಬುಟ್ಟಿಗೆ ಹಾಕ್ತೀರಿ. ಎಂಥ ಶಿಸ್ತು, ಎಂಥ ಮಿತಭಾಷೆ. ಆದರೆ ಸ್ವಾಮಿ, ಘಾಜಿಯಾಬಾದಿನಲ್ಲಿ ಆ ಕಡೆ ಯಾರೂ ಇಲ್ಲ ಅಂದರೆ ಯಾರೂ ಇಲ್ಲ ಅಂತಲ್ಲ, ಕರೆಂಟ್ ಇಲ್ಲ ಅಂತ. ಅಲ್ಲಿ ಕತ್ತಲಲ್ಲಿ ಒಬ್ಬರು ಕುಡುಗೋಲು ಹಿಡಿದು ಕೂತಿರ್ತಾರೆ. ಹುತ್ತರಿ ಬರ್ತಾ ಇದೆ, ಕರಣ್ ಮತ್ತೆ ಹಿಮಕ್ಕೆ ಹೋಗಿದ್ದಾನೆ, ಚಿಕ್ಕಮ್ಮ ಬಕೆಟ್ಟಿಗೆ ಬೆಳಿಗ್ಗೆ ಸಂಜೆ ನೀರು ಹಾಕ್ತಿದ್ದಾರೆ, ತಮ್ಮ ಮೇಲಿನ ನಂಬಿಕೆಯಿಂದ.

ಹಳೇ ಆವೃತ್ತಿಯನ್ನೇ ಇಟ್ಟುಕೋ ಅಂತ ಚಾಟ್ ರೂಮಿನವರು ಹೇಳ್ತಾರೆ. ಅಭಿಮಾನಿಗೆ ಹೇಳೋ ಮಾತಾ ಅದು? ಹೊಸದು ಬಂದಿದೆ ಅಂತ ನೋಡಿದ ಮೇಲೆ ನನ್ನ ಬೆರಳು ನನ್ನ ಮಾತು ಕೇಳಲ್ಲ, ನಿನ್ನೆಯೇ ಮೂರೂ ಮನೆಗೆ ಹಾಕಿ ಆಗಿದೆ, ಹೊಸದು ಈಗ ಹಿಂದಕ್ಕೆ ಹೋಗಲ್ಲ ಅಂತ ಹಟ ಹಿಡಿದು ಕೂತಿದೆ. ನನ್ನ ಕಷ್ಟವನ್ನು ಬಕೆಟ್ ಸಮೇತ ಅದೇ ಚಾಟ್ ರೂಮಿನಲ್ಲಿ ವಿವರಿಸಿದೆ. ಒಬ್ಬರು ಮ್ಯಾನುಯಲ್ ಓದು ಅಂದರು. ಇನ್ನೊಬ್ಬರು ನೀನೇ ತಿದ್ದಿ ಕಳಿಸು ಅಂದರು. ಮೂರನೆಯವರು ನನ್ನ ಕೃಷಿ ಯಾಂತ್ರೀಕರಣ ಯೋಜನೆಗೆ ಶುಭ ಕೋರಿ, ಎಷ್ಟು ಎಕರೆ ಅಂತ ಕೇಳಿದರು.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು. ಹುತ್ತರಿ ಹುಣ್ಣಿಮೆಯ ಸಂಜೆ ಒಂದಿಷ್ಟು ಹೊತ್ತು, ಪ್ರಪಂಚದಾದ್ಯಂತ, ತಾವು ಹಳೇ ಹಾಗೆ ಹೇಳಿದ್ದನ್ನೇ ಹೇಳೋರಾಗಬೇಕು. ತಮ್ಮನ್ನು ನಂಬಿದ ಬ್ಯಾಂಕುಗಳು, ಷೇರುಪೇಟೆಗಳು ಅವತ್ತು ಒಂದೇ ಮಾತನ್ನು ಹತ್ತು ಸಲ ಕೇಳಿ ಅನುಸರಿಸಿಕೊಂಡು ಹೋಗಲಿ, ಅವರ ಅಂಗಳದಲ್ಲಿ ಕೊತ್ತಂಬರಿ ಇದ್ದರೆ ಒಳಗಿಟ್ಟುಕೊಳ್ಳಲಿ. ಅದಾಗದಿದ್ದರೆ ಕೈಯಲ್ಲಿ ಕದಿರಿದೆ ಅನ್ನೋದಕ್ಕೆ ತಮ್ಮಲ್ಲಿ ಒಂದು ಬೇರೆಯೇ ಎರರ್ ನಂಬರ್ ಇಡಬೇಕು. ಅದೂ ಕಷ್ಟ ಅಂದರೆ, ಮುಂದಿನ ಆವೃತ್ತಿಯಲ್ಲಿ ಘಾಜಿಯಾಬಾದಿಗೆ ಕರೆಂಟ್ ಸೇರಿಸಿ. ತಾವು ಸೇರಿಸದೇ ಇರೋದು ಇನ್ನೇನು ಉಳಿದಿದೆ.

ಈ ಪತ್ರ ತಲುಪಿದ ಕೂಡಲೇ 'ಸಿಕ್ಕಿತು' ಅಂತ ತಿಳಿಸಬೇಕಾಗಿ ಕೋರಿಕೆ. ತಿಳಿಸೋವರೆಗೂ ಇದನ್ನೇ, ಅಕ್ಷರ ಬದಲಾಯಿಸದೆ, ಮತ್ತೆ ಮತ್ತೆ ಕಳಿಸ್ತಾ ಇರ್ತೀನಿ. ಈ ವಿದ್ಯೆಯನ್ನು ನಾನು ತಮ್ಮಿಂದಲೇ ಕಲಿತೆ; ತಾವು ಮರೆತಿದ್ದೀರಿ.

ಯಾವ ಆವೃತ್ತಿಯಾದರೂ ಸರಿ, ಎಂದೆಂದಿಗೂ
ತಮ್ಮ ವಿಶ್ವಾಸಿ,
ಚೋಂದಮ್ಮ

ತಾ.ಕ.: ಕಳಿಸೋ ಮುಂಚೆ ಈ ಪತ್ರವನ್ನು ತಾಯಿಗೆ ಓದಿ ಹೇಳಿದೆ. ಅವರು ಕೇಳಿ ಮುಗಿಸಿ, ಎಲೆ ಅಡಿಕೆ ಮಡಚುತ್ತಾ, "ಅದಕ್ಕೆ ಯಾಕೆ ಇಷ್ಟು ದಮ್ಮಯ್ಯ ಹಾಕ್ತಿ? ಈ ಸಲ ಘಾಜಿಯಾಬಾದಿಗೇ ಮೊದಲು ಫೋನ್ ಹಾಕಿಕೊಡು, ಕೊಯ್ದೆ ಅಂತ ಅವಳು ಬಾಯಲ್ಲಿ ಅನ್ನೋವರೆಗೂ ನಾನೇ ಹೇಳ್ತಿರ್ತೀನಿ. ಬೋಪಣ್ಣ ಕಾಯಲಿ, ಅವನಿಗೆ ಕಾದು ಅಭ್ಯಾಸ" ಅಂದರು. ಹಿರಿಯರಿಗೆ ಮೊದಲು ಅನ್ನೋ ನಿಯಮ ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಮುರಿದಿದ್ದಿಲ್ಲ. ತಾಯಿಯೂ ತಮ್ಮ ಹಾಗೇ ಓಪನ್ ಸೋರ್ಸು, ಒಳಗಿರೋದನ್ನೆಲ್ಲ ಅಕ್ಕಪಕ್ಕದ ಫ್ಲಾಟಿಗೂ ಕೇಳಿಸೋ ಹಾಗೆ ಹೇಳ್ತಾರೆ. ಆದರೆ ಅವರಲ್ಲಿ ಇಷ್ಟು ವರ್ಷದಲ್ಲಿ ನಾನು ಕಂಡ ಸುಧಾರಣೆ ಇದೊಂದೇ, ಮತ್ತು ಅದಕ್ಕೆ ಯಾರೂ ಏನನ್ನೂ ಡೌನ್‌ಲೋಡ್ ಮಾಡಿಕೊಳ್ಳಬೇಕಾಗಿಲ್ಲ.