ಮಾವನವರ ಕಾಫಿಯಿಂದ ಕೆಫೀನ್ ತೆಗೆದ ಪ್ರಸಂಗ

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಪ್ರಾಣಿ ನಾನು. ಬಿ.ಎಸ್ಸಿ., ಅದೂ ಕೆಮಿಸ್ಟ್ರಿಯಲ್ಲಿ! ರಜೆಯಲ್ಲಿ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು, ಕಾಲೇಜಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ಓದಿ ಪಡೆದದ್ದು. ಬಾಣಾವರದ ಮಾವನವರು ಮಗಳನ್ನು ಕೊಟ್ಟದ್ದೂ ಅದನ್ನು ನೋಡಿಯೇ. ನನ್ನ ಮುಖ ನೋಡಿ ಅಲ್ಲ.

ಕಳೆದ ಬೇಸಿಗೆಯಲ್ಲಿ ಮಾವನವರಿಗೆ ಎದೆ ಡವಡವ ಶುರುವಾಯಿತು. ನಮ್ಮೂರು ಅರಸೀಕೆರೆಯ ಡಾಕ್ಟರು ಪರೀಕ್ಷಿಸಿ, "ಹೃದಯಕ್ಕೆ ಏನೂ ಆಗಿಲ್ಲ. ಆದ್ರೆ ಕಾಫಿ ಬಿಡಲೇಬೇಕು. ಸ್ವಲ್ಪ ದಿನ ಮಗಳ ಮನೆಯಲ್ಲೇ ಇರಿ, ಮತ್ತೆ ನೋಡ್ತೀನಿ" ಎಂದರು. ಎದ್ದ ತಕ್ಷಣ ಕಾಫಿ, ಎದ್ದದ್ದಕ್ಕೂ ಕಾಫಿ ಎನ್ನುವ ಮನುಷ್ಯ! ನಮ್ಮ ಮನೆಗೆ ಬಂದ ಮರುದಿನವೇ ಬ್ಯಾಗು ಹಿಡಿದು ಬಾಗಿಲಲ್ಲಿ ಹೊರಟು ನಿಂತರು.

"ಕಾಫಿ ಇಲ್ದಿರೋ ಮನೇಲಿ ನಾನಿರಾಕಿಲ್ಲ ಕಣವ್ವ. ಬಸ್ಸಿಗೆ ಹೊಂಟೀನಿ."

"ಊರಿಗೋದ್ರೆ ಮತ್ತೆ ಕುಡೀತೀಯ ಅಪ್ಪಾ!" ನನ್ನ ಹೆಂಡತಿ ಗಿರಿಜಾ ಕಣ್ಣಲ್ಲಿ ನೀರು ತುಂಬಿಕೊಂಡಳು.

ನಾನು ಗಂಟಲು ಸರಿಮಾಡಿಕೊಂಡೆ. "ಮಾವ, ಎದೆ ಬಡಿಸೋದು ಕಾಫಿಯಲ್ಲ, ಅದರೊಳಗಿನ ಕೆಫೀನ್. ನಾನು ಅದನ್ನ ತೆಗೆದುಕೊಡ್ತೀನಿ. ಭಾನುವಾರದವರೆಗೆ ಇರಿ."

"ರೀ, ತೆಗೆದಿರೋದೇ ಅಂಗಡೀಲಿ ಸಿಗುತ್ತಂತೆ. ತರಿಸಿಬಿಡೋಣ" ಎಂದಳು ಗಿರಿಜಾ.

ಅಂಗಡಿ! ಕೆಮಿಸ್ಟ್ರಿ ಓದಿದವನ ಮನೆಗೆ!

ವಿಧಾನ ಸರಳ. ಹುರಿಯುವ ಮೊದಲೇ, ಹಸಿರು ಬೀಜದಿಂದಲೇ ಕೆಫೀನ್ ತೆಗೆಯಬೇಕು. ಬೀಜವನ್ನು ಬಿಸಿನೀರಲ್ಲಿ ನೆನೆಹಾಕಿದರೆ ಕೆಫೀನ್ ನೀರಿಗಿಳಿಯುತ್ತದೆ. ಜೊತೆಗೆ ರುಚಿಯೂ ಇಳಿಯುತ್ತದೆ. ಆ ನೀರನ್ನು ಇದ್ದಿಲಿನಲ್ಲಿ ಸೋಸಿದರೆ ಇದ್ದಿಲು ಕೆಫೀನನ್ನು ಹಿಡಿದಿಟ್ಟು ರುಚಿಯನ್ನು ಬಿಟ್ಟುಕೊಡುತ್ತದೆ. ರುಚಿಯ ನೀರನ್ನು ಬೀಜಕ್ಕೆ ಮತ್ತೆ ಕುಡಿಸಿದರಾಯಿತು. ಬೇಲೂರಿನ ಗೆಳೆಯ ಬೀಜ ಕಳಿಸಿದ. ಇದ್ದಿಲಿಗೆ ತೆಂಗಿನ ಚಿಪ್ಪೇ ಶ್ರೇಷ್ಠವೆಂದು ಮೊಬೈಲಿನಲ್ಲಿ ಒಂದು ಲೇಖನದಲ್ಲಿ ಓದಿದೆ. ಅರಸೀಕೆರೆಯಲ್ಲಿ ಚಿಪ್ಪಿಗೆ ಬರವೇ!

ತಾರಸಿಯ ಮೇಲೆ ಚಿಪ್ಪು ಸುಟ್ಟೆ. ಗಾಳಿ ಪಕ್ಕದ ಮನೆಯ ಕಡೆಗೇ ಬೀಸಬೇಕೆ? ಅಲ್ಲಿ ಗಂಗಮ್ಮನವರು ಹಪ್ಪಳ ಒಣಹಾಕಿದ್ದರು.

"ಏನ್ರೀ ಇದು, ನಮ್ ಹಪ್ಪಳಕ್ಕೆ ಕಾಡಿಗೆ ಹಚ್ತಿದೀರಾ?"

"ಪ್ರಯೋಗ ಕಣಮ್ಮಾ, ವಿಜ್ಞಾನದ ಪ್ರಯೋಗ!"

"ನಿಮ್ ಪ್ರಯೋಗಕ್ಕಿಷ್ಟು ಬೆಂಕಿ ಹಾಕ!"

ಹಾಕಿಯೇ ಆಗಿತ್ತು.

ಸೋಸಲು ಬಟ್ಟೆ ಬೇಕಿತ್ತು. ಹಗ್ಗದ ಮೇಲೆ ಬಿಳಿಯದೊಂದು ಕಂಡಿತು. ಅದರಲ್ಲಿ ಇದ್ದಿಲು ತುಂಬಿ, ಬೀಜ ನೆನೆದ ನೀರು ಹೊಯ್ದೆ. ಮೇಲೆ ತಿಳಿಯಾಗಿದ್ದ ನೀರು ಕೆಳಗೆ ಮಸಿಯಾಗಿ ಇಳಿಯಿತು. ಬಟ್ಟೆ ಕರಿ ಕಂಬಳಿಯಾಯಿತು. ಹಿಂಡುವಾಗ ಜರಿ ಅಂಚು ಕೈಗೆ ಸಿಕ್ಕಿತು. ಮಾವನವರು ಮಠಕ್ಕೆ ಹೋಗುವಾಗ ಮಾತ್ರ ಉಡುವ ಪಂಚೆ!

ಕೆಫೀನ್ ಹಿಡಿಯುವುದು ಸಾದಾ ಇದ್ದಿಲಲ್ಲ, ಹಬೆ ಹಾಯಿಸಿ ಹದ ಮಾಡಿದ ಇದ್ದಿಲು ಎಂದು ಆ ಲೇಖನದ ಕೊನೆಯಲ್ಲಿತ್ತಂತೆ. ಕೊನೆಯವರೆಗೆ ಓದುವಷ್ಟು ವ್ಯವಧಾನ ವಿಜ್ಞಾನಿಗೆಲ್ಲಿ!

ಆ ಮಸಿನೀರನ್ನೇ ಬೀಜಕ್ಕೆ ಕುಡಿಸಿ, ಒಣಗಿಸಿ, ಹುರಿದು, ಪುಡಿಮಾಡಿ, ಭಾನುವಾರ ಬೆಳಗ್ಗೆ ಲೋಟವನ್ನು ಮಾವನವರ ಕೈಗಿತ್ತೆ. ಒಂದು ಗುಟುಕು ಒಳಗೆ ಹೋಯಿತು. ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಅಳಿಯಂದ್ರೇ, ಇದ್ರಾಗೆ ನಿಮ್ ಕೆಫೀನ್ ಐತೋ ಇಲ್ವೋ ಸಿವನೇ ಬಲ್ಲ. ಕಾಫಿಯಂತೂ ಇಲ್ಲ!"

"ಇನ್ನೊಂದು ಸಲ ಸೋಸಿ..."

"ಬ್ಯಾಡಿ! ಇನ್ಮೇಲೆ ನನ್ ಮುಂದೆ ಕಾಫಿ ಅನ್ನೋ ಹೆಸ್ರೇ ಎತ್ಬ್ಯಾಡಿ. ಗಿರಿಜಾ, ಒಂದು ಲೋಟ ಮಜ್ಜಿಗೆ ಕೊಡವ್ವ, ಬಾಯಿ ತೊಳ್ಕಂತೀನಿ."

ಅಂದಿನಿಂದ ಮಜ್ಜಿಗೆಯೇ. ಕಾಫಿಯ ವಾಸನೆ ಬಂದರೂ ಮೂಗು ಮುಚ್ಚಿಕೊಳ್ಳತೊಡಗಿದರು. ಊರಿಗೆ ಹೊರಡುವ ಮಾತು ನಿಂತಿತು. ಎದೆಬಡಿತವೂ ತಹಬಂದಿಗೆ ಬಂತು.

ಮತ್ತೆ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರಿಗೆ ಆಶ್ಚರ್ಯ. "ಇಷ್ಟು ಬೇಗ ಕಾಫಿ ಹೇಗ್ರೀ ಬಿಡಿಸಿದ್ರಿ?"

ಗಿರಿಜಾ ಎಲ್ಲವನ್ನೂ ಹೇಳಿದಳು, ಪಂಚೆಯನ್ನೂ ಬಿಡಲಿಲ್ಲ. ಡಾಕ್ಟರು ನಗುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಹೊರಗೆ ಇಂಥವರೇ ಇನ್ನೂ ಕೆಲವರು ಕೂತಿದ್ದಾರೆ. ಆ ಪುಡಿ ಏನಾದ್ರೂ ಉಳಿದಿದೆಯಾ?"

ಉಳಿದಿತ್ತು. ಪೂರ್ತಿ ಡಬ್ಬಿ!